ಅರ್ಧ ಬೆಳಕಿನ ಫ್ರೇಮು

ಎರಡು ವರ್ಷದ ಹಿಂದೆ ದೀಪಾವಳಿ ರಾತ್ರಿ ನಮ್ಮೂರಲ್ಲಿ ಒಂದು ಹುಲ್ಲಿನ ಬಣವೆ ಸುಟ್ಟುಹೋಯ್ತು. ಆಟಂ ಬಾಂಬ್ ಹಚ್ಚಿದ್ದು ಪಕ್ಕದ ಮನೆ ಹುಡುಗ ಅಂತ ಮಾರನೇ ದಿನ ನ್ಯಾಯ ಸೇರಿತು. ಅವನ ಪರವಾಗಿ ಇದ್ದದ್ದು ಒಂದು ಮೊಬೈಲ್ ವಿಡಿಯೋ ಮಾತ್ರ. ಅದರಲ್ಲಿ, ಬಾಂಬ್ ಸಿಡಿಯೋವರೆಗೂ ಅವನು ಜಗಲಿ ಬಿಟ್ಟು ಎದ್ದಿರಲಿಲ್ಲ. ಆದರೆ ಸಿಡಿದ ಕ್ಷಣದಲ್ಲಿ ಯಾರೋ ವಿಡಿಯೋ ನಿಲ್ಲಿಸಿದರು. ಚಿತ್ರದ ಕೆಳಗಿನರ್ಧ ಬೆಳ್ಳಗೆ, ಮೇಲಿನರ್ಧ ಕತ್ತಲು.

‘ಇದು ಎಡಿಟ್ ಮಾಡವ್ರೆ ಕಣಣ್ಣ’ ಅಂದರು. ಊರಿಗೆ ಬಂದ ಇಂಜಿನಿಯರ್ ಅಂತ ಫೋನು ನನ್ನ ಕೈಗೆ ಬಂತು.

ಈ ಅರ್ಧ ಬೆಳಕಿಗೆ ಒಂದು ಇತಿಹಾಸ ಇದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಚಿಪ್ ರೂಪಿಸಿದರು. ಬೆಳಕು ಬಿದ್ದಾಗ ಪಿಕ್ಸೆಲ್‌ಗಳಲ್ಲಿ ತುಂಬುವ ವಿದ್ಯುದಂಶ, ಬೆಂಕಿ ಆರಿಸೋಕೆ ಜನ ಸಾಲಾಗಿ ನಿಂತು ಕೊಡ ದಾಟಿಸಿದ ಹಾಗೆ, ಒಂದರಿಂದ ಇನ್ನೊಂದಕ್ಕೆ ದಾಟಿ ಹೊರಗೆ ಬರುತ್ತೆ. ಇದಕ್ಕೆ 2009ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು. ಒಂದು ಕಾಲದಲ್ಲಿ ಮದುವೆ ಮನೆಗಳಲ್ಲಿ ಓಡಾಡುತ್ತಿದ್ದ ವಿಡಿಯೋ ಕ್ಯಾಮೆರಾಗಳಲ್ಲಿ ಬಹುತೇಕ ಇದೇ ಚಿಪ್ ಇತ್ತು. ಅದು ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುತ್ತಿತ್ತು. ಬೆಳಕು ತೀರಾ ಜೋರಾದರೆ ಮಾತ್ರ ಕೊಡ ತುಳುಕಿ, ಮೇಲಿಂದ ಕೆಳಗೆ ಒಂದು ಬಿಳಿ ಗೆರೆ ಮೂಡುತ್ತಿತ್ತು.

1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ತಂಡ ಸಿಮಾಸ್ ಸೆನ್ಸರ್‌ಗೆ ಹೊಸ ರೂಪ ಕೊಟ್ಟಿತು. ಬಾಹ್ಯಾಕಾಶಕ್ಕೆ ಕಳಿಸೋ ಕ್ಯಾಮೆರಾ ಚಿಕ್ಕದಾಗಿರಬೇಕು, ಕರೆಂಟ್ ಕಮ್ಮಿ ಕುಡೀಬೇಕು ಅನ್ನೋದು ಗುರಿ. ನಮ್ಮ ಜೇಬಿನ ಫೋನಿಗೂ ಬೇಕಿದ್ದದ್ದು ಅದೇ. ಆದರೆ ಫೋನಿನ ಸೆನ್ಸರ್ ಸಾಮಾನ್ಯವಾಗಿ ಚಿತ್ರವನ್ನು ಸಾಲು ಸಾಲಾಗಿ ಓದುತ್ತೆ. ಒಂದೇ ಫ್ರೇಮಿನ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಕೆಲವು ಮಿಲಿಸೆಕೆಂಡ್ ಅಂತರ. ಇದಕ್ಕೆ ರೋಲಿಂಗ್ ಶಟರ್ ಅಂತಾರೆ. ಹುಡುಗರು ಕುಣಿಯೋದನ್ನು ಚಿತ್ರಿಸುವಾಗ ಈ ಅಂತರ ಕಣ್ಣಿಗೆ ಬೀಳಲ್ಲ. ಬಾಂಬಿನ ಮಿಂಚು ಆ ಅಂತರದೊಳಗೇ ಹುಟ್ಟಿ ಸತ್ತುಹೋಗುತ್ತೆ. ಆಗಲೇ ಓದಿಯಾದ ಮೇಲಿನ ಸಾಲುಗಳಿಗೆ ಈ ಫ್ರೇಮಿನಲ್ಲಿ ಬೆಳಕಿಲ್ಲ, ಇನ್ನೂ ಓದಬೇಕಾದ ಕೆಳಗಿನವಕ್ಕೆ ಇದೆ.

ಹಾಗಾದರೆ ಮಿಕ್ಕ ಬೆಳಕು ಎಲ್ಲಿ? ಒಂದು ಫ್ರೇಮ್ ಮುಂದೆ ಸರಿಸಿದೆ. ಈ ಸಲ ಮೇಲಿನರ್ಧ ಬೆಳ್ಳಗೆ, ಕೆಳಗಿನರ್ಧ ಕತ್ತಲು. ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ಮಿಂಚು! ಎಡಿಟ್ ಅಂತ ಬೆರಳು ತೋರಿಸಿದ್ದು ಕ್ಯಾಮೆರಾದ ಹುಟ್ಟುಗುಣಕ್ಕೆ.

ಹಿರಿಯರು ಎರಡು ಮೂರು ಸಲ ನೋಡಿದರು. ಹುಡುಗನ ಮೇಲಿನ ಮಾತು ಬಿಟ್ಟರು. ಹಚ್ಚಿದ್ದು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಬಣವೆ ಕಳಕೊಂಡವರಿಗೆ ಮನೆಗೊಂದು ಹೊರೆ ಹುಲ್ಲು ಹೋಯ್ತು. ಮೊದಲ ಹೊರೆ ತಂದಿಳಿಸಿದ್ದು ಆ ಹುಡುಗನೇ.