‘ತಮಾಷೆ’ ಅಪರಾಧವಾದ ಬಗೆ

ಯಶವಂತಪುರದಿಂದ ತುಮಕೂರಿನತ್ತ ಹೋಗುವ ರೈಲು ಚಿಕ್ಕಬಾಣಾವರದಲ್ಲಿ ನಿಂತರೆ ಬ್ಯಾಗು ಹೊತ್ತ ವಿದ್ಯಾರ್ಥಿಗಳು ಗುಂಪುಗುಂಪಾಗಿ ಇಳಿಯುತ್ತಾರೆ. ಹೆಸರಘಟ್ಟ ರಸ್ತೆಯ ಆಸುಪಾಸಿನ ಕಾಲೇಜುಗಳಿಗೆ ಕೇರಳ, ಈಶಾನ್ಯ ರಾಜ್ಯಗಳು, ನೇಪಾಳ, ಆಫ್ರಿಕಾದಿಂದಲೂ ಮಕ್ಕಳು ಬರುತ್ತಾರೆ. ಭಾಷೆ ಬಾರದ ಊರಿನಲ್ಲಿ ಮೊದಲ ರಾತ್ರಿ ಕಳೆಯುವ ಹುಡುಗನ ಬಾಗಿಲನ್ನು ‘ಸೀನಿಯರ್’ಗಳು ಬಡಿದರೆ ಅವನು ಯಾರನ್ನು ಕರೆಯಬೇಕು? ಇದಕ್ಕೆ ಉತ್ತರ ಹುಡುಕಲು ನಾವು ಬಹಳ ಕಾಲ ತೆಗೆದುಕೊಂಡೆವು. ತೆತ್ತ ಬೆಲೆಯೂ ಸಣ್ಣದಲ್ಲ.

1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆ (1983) ರ‍್ಯಾಗಿಂಗನ್ನು ಸ್ಪಷ್ಟವಾಗಿ ಹೆಸರಿಸಿತು. ತಮಾಷೆಗೇ ಆಗಲಿ, ವಿದ್ಯಾರ್ಥಿಯನ್ನು ಬೆದರಿಸಿ ಅವನ ಘನತೆಗೆ ಕುಂದು ತರುವ, ಅವನನ್ನು ನಗೆಪಾಟಲು ಮಾಡುವ ಕೆಲಸ ಮಾಡಿಸಿದರೆ ಒಂದು ವರ್ಷದವರೆಗೆ ಸೆರೆ, 2000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹೊಡೆತ ಮಾತ್ರವಲ್ಲ, ಅವಮಾನವೂ ಹಿಂಸೆಯೇ ಎಂದು ನಮ್ಮ ರಾಜ್ಯ ಅಂದೇ ಒಪ್ಪಿಕೊಂಡಿತ್ತು. ಆದರೆ ಕಾಯ್ದೆ ಪುಸ್ತಕದಲ್ಲಿ ಉಳಿಯಿತು. ಹಾಸ್ಟೆಲಿನಲ್ಲಿ ‘ಸಂಪ್ರದಾಯ’ ನಡೆದೇ ಇತ್ತು.

1996ರಲ್ಲಿ ತಮಿಳುನಾಡಿನ ವೈದ್ಯ ವಿದ್ಯಾರ್ಥಿ ನಾವರಸು ಹಿರಿಯ ವಿದ್ಯಾರ್ಥಿಯ ಕೈಯಲ್ಲಿ ಕೊಲೆಯಾದ. ಮರುವರ್ಷ ಅಲ್ಲಿ ರ‍್ಯಾಗಿಂಗ್ ನಿಷೇಧ ಕಾಯ್ದೆ ಬಂತು. 2001ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ನೀಡಿತು. 2007ರಲ್ಲಿ ರಾಘವನ್ ಸಮಿತಿ ವರದಿ ಕೊಟ್ಟಿತು. ಆದರೂ 2009ರ ಮಾರ್ಚ್‌ನಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜಿನಲ್ಲಿ 19 ವರ್ಷದ ಅಮನ್ ಕಾಚ್ರೂ ಹಿರಿಯರ ಹೊಡೆತಕ್ಕೆ ಬಲಿಯಾದ. ಅದೇ ವರ್ಷ ಯು.ಜಿ.ಸಿ. ನಿಯಮಾವಳಿ ಬಂತು. ವಿದ್ಯಾರ್ಥಿ, ಪೋಷಕರಿಬ್ಬರಿಂದಲೂ ಪ್ರಮಾಣಪತ್ರ, ಸಹಾಯವಾಣಿ, ದೂರು ಕೊಟ್ಟವರ ಗುರುತಿಗೆ ರಕ್ಷಣೆ, ಕೈಕಟ್ಟಿ ಕೂತ ಸಂಸ್ಥೆಗೂ ಶಿಕ್ಷೆ: ಎಲ್ಲವೂ ಅದರಲ್ಲಿದ್ದವು.

2016ರಲ್ಲಿ ನಮ್ಮ ಕಲಬುರಗಿಯಲ್ಲೇ, ಕೇರಳದಿಂದ ಬಂದ ದಲಿತ ನರ್ಸಿಂಗ್ ವಿದ್ಯಾರ್ಥಿನಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ದೂರು ದಾಖಲಾಯಿತು. ಅದೇ ಜೂನ್‌ನಲ್ಲಿ ಯು.ಜಿ.ಸಿ. ತನ್ನ ನಿಯಮವನ್ನು ತಿದ್ದಿ ಬಣ್ಣ, ಜನಾಂಗ, ಧರ್ಮ, ಜಾತಿ, ಭಾಷೆ, ಹುಟ್ಟೂರುಗಳ ಹೆಸರಲ್ಲಿ ಪೀಡಿಸುವುದನ್ನೂ ದೂರವಿಡುವುದನ್ನೂ ರ‍್ಯಾಗಿಂಗ್ ಎಂದೇ ಸಾರಿತು. ಹೊರನಾಡಿನ ಮಕ್ಕಳು ತುಂಬಿರುವ ಚಿಕ್ಕಬಾಣಾವರದಂಥ ಊರಿಗೆ ಇದಕ್ಕಿಂತ ಹತ್ತಿರದ ನಿಯಮ ಇನ್ನೊಂದಿಲ್ಲ.

ಆದರೆ ರಾತ್ರಿ ಬಾಗಿಲು ಮುಚ್ಚಿದ ಕೋಣೆಗೆ ಕಾನೂನಿನ ಕಣ್ಣು ತಲುಪುವುದಿಲ್ಲ. ಅಲ್ಲಿರುವುದು ಪಕ್ಕದ ಮಂಚದ ಹುಡುಗ ಮಾತ್ರ. 2007ರಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಶಾಲೆಯೊಂದರಲ್ಲಿ ಗುಲಾಬಿ ಅಂಗಿ ತೊಟ್ಟು ಬಂದ 9ನೇ ತರಗತಿಯ ಹುಡುಗನನ್ನು ಕೆಲವರು ಹೀಯಾಳಿಸಿ ಬೆದರಿಸಿದರು. ಅದೇ ಶಾಲೆಯ 12ನೇ ತರಗತಿಯ ಇಬ್ಬರು ಹುಡುಗರು 50 ಗುಲಾಬಿ ಅಂಗಿ ಕೊಂಡು ತಂದು ಗೆಳೆಯರಿಗೆಲ್ಲ ಹಂಚಿದರು. ಒಬ್ಬನನ್ನು ಅಣಕಿಸಬಹುದು, ಇಡೀ ಶಾಲೆಯನ್ನು ಅಣಕಿಸುವುದು ಹೇಗೆ? ಆ ಇಬ್ಬರೂ ‘ಸೀನಿಯರ್’ಗಳೇ. ಕಿರಿಯನ ಪಕ್ಕದಲ್ಲಿ ನಿಲ್ಲುವುದೇ ಹಿರಿತನ ಎಂದು ಅವರು ತೋರಿಸಿಕೊಟ್ಟರು.

ಮಕ್ಕಳನ್ನು ಕಾಲೇಜಿಗೆ ಕಳುಹಿಸುವಾಗ ‘ಯಾರ ತಂಟೆಗೂ ಹೋಗಬೇಡ’ ಎಂದು ನಾವು ಬುದ್ಧಿ ಹೇಳುತ್ತೇವೆ. ‘ಯಾರಿಗಾದರೂ ತೊಂದರೆಯಾದರೆ ಸುಮ್ಮನಿರಬೇಡ’ ಎಂದೂ ಹೇಳಿ ಕಳುಹಿಸೋಣ.