ದೀಪಗಳೆಂದು ಎಣಿಸಲ್ಪಟ್ಟ ಉಪಗ್ರಹಗಳು: ಹಿಮದ ಲೋಕಗಳಲ್ಲಿ ಜೀವದ ಪ್ರಶ್ನೆಯೂ ಸಭೆಯ ಚರಿತ್ರೆಯೂ

1868ರ ಆಗಸ್ಟ್ 18ರಂದು ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ನಾಡಿನ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಸರಿದುಹೋಯಿತು. ಘತ್ತರಗಿಯ ನದೀತೀರದಿಂದ ಇಂದು ಒಂದು ದಿನದೊಳಗೆ ಹೋಗಿ ತಲುಪಬಹುದಾದ ಜಮಖಂಡಿಯಲ್ಲಿ ಅಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವನ್ನು ಹೂಡಿ ಕಾದಿದ್ದನು. ಮೋಡಗಳು ಕಾಡಿದವು. ಆದರೂ ದೊರೆತ ಅಲ್ಪ ಅವಕಾಶದಲ್ಲಿ, ಸೂರ್ಯನ ಅಂಚಿನಿಂದ ಏಳುವ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳನ್ನು ಕಂಡು, ಅವು ಕಾದ ಅನಿಲವೇ ಎಂದು ಅವನು ನಿರ್ಣಯಿಸಿದನು. ಆಕಾಶದ ಒಂದು ವಸ್ತು ಯಾವುದರಿಂದ ಆಗಿದೆ ಎಂಬುದನ್ನು ಊಹಿಸದೆ ಓದಿ ತಿಳಿಯುವ ವಿಧಾನವು ಹೀಗೆ ನಮ್ಮ ನಾಡಿನ ನೆಲದ ಮೇಲೂ ಪ್ರಯೋಗಕ್ಕೆ ಬಂತು.

ಈತನ ಅಜ್ಜನೇ ವಿಲಿಯಂ ಹರ್ಷೆಲ್. 1789ರಲ್ಲಿ ಶನಿಯ ಉಪಗ್ರಹವಾದ ಎನ್ಸೆಲಡಸ್ಸನ್ನು ಕಂಡುಹಿಡಿದವನು. ಜೀವವಿರಬಹುದಾದ ಸ್ಥಳಗಳಲ್ಲಿ ಒಂದೆಂದು ಇಂದು ವಿಜ್ಞಾನಿಗಳು ಬೊಟ್ಟುಮಾಡುವುದು ಇದೇ ಪುಟ್ಟ ಹಿಮಗೋಳವನ್ನು. ಹರ್ಷೆಲನಾದರೋ ಜೀವಿಗಳನ್ನು ಬೇರೆಡೆಯಲ್ಲಿ ಕಲ್ಪಿಸಿದ್ದನು. ಚಂದ್ರನಲ್ಲಿ ಮಾತ್ರವಲ್ಲ, ಸೂರ್ಯನ ಉಜ್ವಲ ಮೇಘಗಳ ಕೆಳಗೂ ನಿವಾಸಿಗಳಿದ್ದಾರೆಂದು ಅವನು 1795ರಲ್ಲಿ ಬರೆದನು. ನಮಗೆ ಇದು ನಗೆ ತರಿಸಬಹುದು. ಅವನ ಕಾಲದ ಭಕ್ತಿವಂತರಿಗೆ ತರಿಸಲಿಲ್ಲ. ದೇವರು ಯಾವುದನ್ನೂ ವ್ಯರ್ಥವಾಗಿ ಉಂಟುಮಾಡುವವನಲ್ಲ, ಆದಕಾರಣ ಮನೆಯಿದ್ದಲ್ಲಿ ಒಕ್ಕಲೂ ಇರಲೇಬೇಕು ಎಂಬುದು ಅಂದಿನ ತರ್ಕ. 1610ರಲ್ಲಿ ಗೆಲಿಲಿಯೊ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕಂಡಾಗ, ಬರಿಗಣ್ಣಿಗೆ ಕಾಣದ ಈ ಚಂದ್ರರು ನಮಗಾಗಿ ಇರಲಾರವು, ಗುರುಗ್ರಹದ ನಿವಾಸಿಗಳಿಗಾಗಿಯೇ ಇರಬೇಕೆಂದು ಕೆಪ್ಲರನು ಅದೇ ವರ್ಷ ವಾದಿಸಿದನು. ಅಲ್ಲಿಂದಾಚೆಗೆ ಎರಡೂವರೆ ಶತಮಾನಗಳ ಕಾಲ ಬಹುಮಟ್ಟಿಗೆ ಆ ಉಪಗ್ರಹಗಳು ಯಾರದೋ ಅಂಗಳಕ್ಕೆ ಹಚ್ಚಿಟ್ಟ ದೀಪಗಳಾಗಿಯೇ ಉಳಿದವು.

ವಿರೋಧದ ಪರಂಪರೆಯೂ ಹಳೆಯದೇ, ಆದರೆ ಅದು ನಾವು ಭಾವಿಸುವಷ್ಟು ಏಕಮುಖವಲ್ಲ. ಒಂದಕ್ಕಿಂತ ಹೆಚ್ಚು ಲೋಕಗಳನ್ನು ದೇವರು ಉಂಟುಮಾಡಲಾರನೆಂಬ ಅರಿಸ್ಟಾಟಲನ ಅನುಯಾಯಿಗಳ ಬೋಧನೆಯನ್ನು 1277ರಲ್ಲಿ ಪ್ಯಾರಿಸಿನ ಬಿಷಪ್ ಎತಿಯೆನ್ ತಾಂಪಿಯೇ ಖಂಡಿಸಿದ್ದನು. ದೇವರ ಸರ್ವಶಕ್ತತ್ವಕ್ಕೆ ಮೇರೆ ಹಾಕಬಾರದೆಂಬುದು ಅವನ ಕಾಳಜಿ. 1463ರಲ್ಲಿ ತೀರಿಕೊಂಡ ವೊರಿಲೊಂಗ್ ಎಂಬ ಫ್ರಾನ್ಸಿಸ್ಕನ್ ಪಂಡಿತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಸ್ತನು ಈ ಭೂಮಿಯ ಮೇಲೆ ಅನುಭವಿಸಿದ ಮರಣವು ಬೇರೊಂದು ಲೋಕದವರನ್ನು ವಿಮೋಚಿಸಬಲ್ಲದೇ ಎಂದು ಕೇಳಿದನು. ಬಲ್ಲದು, ಲೋಕಗಳು ಎಣೆಯಿಲ್ಲದಷ್ಟಿದ್ದರೂ ಬಲ್ಲದು. ಆದರೆ ಆತನು ಅಲ್ಲಿಗೆ ಹೋಗಿ ಮತ್ತೆ ಸಾಯುವುದು ಯುಕ್ತವಲ್ಲ ಎಂಬುದು ಅವನ ಉತ್ತರ. ಇದೇ ಒಂದೇ ಮರಣದ ಸತ್ಯವನ್ನು ಹಿಡಿದು ಮೆಲಾಂಕ್ಥನನು 1549ರಲ್ಲಿ ತದ್ವಿರುದ್ಧ ತೀರ್ಮಾನಕ್ಕೆ ಬಂದನು: ದೇವರ ಮಗನು ಒಬ್ಬನೇ, ಸತ್ತು ಎದ್ದದ್ದು ಒಮ್ಮೆಯೇ, ಹೀಗಿರಲು ಅನೇಕ ಲೋಕಗಳನ್ನು ಕಲ್ಪಿಸಲಾಗದು. ಮೂಲಸತ್ಯ ಒಂದೇ, ತೀರ್ಪುಗಳು ಎರಡು. ಸಿದ್ಧಾಂತದಿಂದ ನೇರವಾಗಿ ಆಕಾಶದ ನಕ್ಷೆಯನ್ನು ಬಿಡಿಸಹೊರಟರೆ ಹೀಗಾಗುವುದು ಸಹಜ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಗಮನಾರ್ಹನಾಗಿ ಕಾಣುವವನು ವಿಲಿಯಂ ಹ್ಯೂವೆಲ್. ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥನೂ ಆಂಗ್ಲಿಕನ್ ಯಾಜಕನೂ ಆಗಿದ್ದ ಈತನು 1853ರಲ್ಲಿ ಹೆಸರು ಹಾಕದೆ ಒಂದು ಪ್ರಬಂಧವನ್ನು ಪ್ರಕಟಿಸಿ, ಲೋಕಗಳೆಲ್ಲ ಜನಭರಿತವೆಂಬ ಪ್ರಚಲಿತ ನಂಬಿಕೆಯನ್ನು ಪ್ರಶ್ನಿಸಿದನು. ಅವನ ವಾದದ ಬಲವೆಲ್ಲ ಭೂವಿಜ್ಞಾನದಲ್ಲಿತ್ತು. ಭೂಮಿಯ ದೀರ್ಘ ಇತಿಹಾಸದಲ್ಲಿ ಮನುಷ್ಯನ ಕಾಲವು ಒಂದು ಕ್ಷಣಮಾತ್ರ. ಅಷ್ಟು ಅಪಾರ ಕಾಲವನ್ನು ದೇವರು ಬುದ್ಧಿಜೀವಿಗಳಿಲ್ಲದೆ ಬಿಟ್ಟದ್ದು ವ್ಯರ್ಥವಲ್ಲವಾದರೆ, ಅಪಾರ ಆಕಾಶವನ್ನು ಹಾಗೆಯೇ ಬಿಡುವುದು ಹೇಗೆ ವ್ಯರ್ಥವಾದೀತು? ಗುರುಗ್ರಹದ ಸಾಂದ್ರತೆ ಕಡಮೆಯಾದ್ದರಿಂದ ಅದು ಬಹುಪಾಲು ನೀರೇ ಆಗಿರಬೇಕು, ಅಲ್ಲಿ ಜೀವಿಗಳಿದ್ದರೂ ಅವು ಎಲುಬಿಲ್ಲದ ಲೋಳೆಯಂಥವುಗಳಾಗಿರಬೇಕು ಎಂದೂ ಅವನು ಬರೆದನು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನು ಮರುವರ್ಷವೇ ಕೆರಳಿ ಉತ್ತರಿಸಿ, ನಿವಾಸಿಗಳಿಲ್ಲದ ಲೋಕಗಳು ಸೃಷ್ಟಿಕರ್ತನ ಮಹಿಮೆಗೆ ಕುಂದೆಂದು ಭಾವಿಸಿದನು. ಹ್ಯೂವೆಲನು ಗುರುಗ್ರಹದ ಬಗ್ಗೆ ತಪ್ಪಿದ್ದನು, ಅದು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ. ನೀರಿದ್ದದ್ದು ಆ ದೀಪಗಳೊಳಗೆ.

ಹಾಗೆಂದು ತಿಳಿದದ್ದು ತೀರ ಈಚೆಗೆ. ಸೂರ್ಯನ ಬೆಳಕು ಮುಟ್ಟದ ಆಳದಲ್ಲಿ, ಗ್ಯಾಲಪಗೋಸ್ ಸಮೀಪದ ಸಮುದ್ರತಳದ ಬಿಸಿನೀರಿನ ಬುಗ್ಗೆಗಳ ಸುತ್ತ ಜೀವಿಗಳು ಗುಂಪುಗೂಡಿರುವುದು 1977ರಲ್ಲಿ ಕಂಡಿತು. 1979ರಲ್ಲಿ ವಾಯೇಜರ್ ನೌಕೆಗಳು ಗುರುಗ್ರಹವನ್ನು ಹಾದುಹೋದಾಗ, ಅದರ ಸೆಳೆತಕ್ಕೆ ಸಿಕ್ಕ ಉಪಗ್ರಹಗಳು ಹಿಸುಕಿದಂತಾಗಿ ಒಳಗೇ ಬಿಸಿಯಾಗುತ್ತವೆಂಬುದು ಅಯೋ ಉಪಗ್ರಹದ ಜ್ವಾಲಾಮುಖಿಗಳಿಂದ ಸ್ಪಷ್ಟವಾಯಿತು. ಯುರೋಪಾದ ಹಿಮದ ಹೊದಿಕೆಯ ಕೆಳಗೆ ಭೂಮಿಯ ಸಮುದ್ರಗಳ ಎರಡರಷ್ಟು ಉಪ್ಪುನೀರಿರಬಹುದೆಂಬ ಅಂದಾಜು ಗೆಲಿಲಿಯೊ ನೌಕೆಯ ಅಳತೆಗಳ ನಂತರದ್ದು. ಎನ್ಸೆಲಡಸ್ಸಿನ ದಕ್ಷಿಣ ಧ್ರುವದಿಂದ ನೀರಿನ ತುಂತುರು ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಗುರುತಿಸಿತು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ, ಅದನ್ನು ಬಲ್ಲವರು ಕಡಮೆ. 1972ರ ಜೂನ್ 7ರಂದು ಗುರುಗ್ರಹದ ಗ್ಯಾನಿಮೀಡ್ ಉಪಗ್ರಹವು ಒಂದು ನಕ್ಷತ್ರವನ್ನು ಮರೆಮಾಡಿತು. ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯದಲ್ಲಿ, ಆಗತಾನೇ ಸ್ಥಾಪಿತವಾಗಿದ್ದ ಒಂದು ಮೀಟರ್ ದೂರದರ್ಶಕದಿಂದ ಜೆ. ಸಿ. ಭಟ್ಟಾಚಾರ್ಯರು ಇದನ್ನು ವೀಕ್ಷಿಸಿದರು. ಜಾವಾದ ಲೆಂಬಾಂಗಿನಲ್ಲಿಯೂ ವೀಕ್ಷಣೆ ನಡೆಯಿತು. ನಕ್ಷತ್ರದ ಬೆಳಕು ಥಟ್ಟನೆ ಆರದೆ ಕ್ರಮವಾಗಿ ಕುಂದಿತೆಂಬ ಆಧಾರದ ಮೇಲೆ ಗ್ಯಾನಿಮೀಡಿಗೆ ತೆಳುವಾದ ವಾಯುಮಂಡಲವಿದೆಯೆಂದು ಮುಂದಿನ ವರ್ಷ ಪ್ರಕಟವಾಯಿತು. 1979ರ ವಾಯೇಜರ್ ಅಳತೆಗಳು ಅಷ್ಟು ವಾಯು ಅಲ್ಲಿಲ್ಲವೆಂದು ತೋರಿಸಿದವು. 1990ರ ದಶಕದಲ್ಲಿ ಹಬಲ್ ದೂರದರ್ಶಕವು ಯುರೋಪಾ ಮತ್ತು ಗ್ಯಾನಿಮೀಡುಗಳ ಸುತ್ತ ಅತ್ಯಲ್ಪ ಆಮ್ಲಜನಕವನ್ನು ಕಂಡಿತು. ಜಮಖಂಡಿಯಲ್ಲಿ ಬಳಸಿದ ಅದೇ ಬಗೆಯ ಓದಿನಿಂದಲೇ. ಆದರೆ ಆ ಆಮ್ಲಜನಕವು ಯಾವ ಜೀವಿಯ ಉಸಿರೂ ಅಲ್ಲ. ವಿದ್ಯುದಾವಿಷ್ಟ ಕಣಗಳು ಹಿಮವನ್ನು ತಾಕಿ ಒಡೆಯುವುದರಿಂದ ಹುಟ್ಟುವಂಥದು. ಹೇಳಿಕೆ, ತಿದ್ದುಪಡಿ, ಮತ್ತೆ ಹೇಳಿಕೆ. ಇದರಲ್ಲಿ ಯಾರಿಗೂ ಅವಮಾನವಾಗಲಿಲ್ಲ. ನಮ್ಮ ವಾದವಿವಾದಗಳಲ್ಲಿ ಈ ಸೌಜನ್ಯ ಕಂಡದ್ದು ಅಪರೂಪ.

ಈಗ ದೈವಶಾಸ್ತ್ರಕ್ಕೆ ಎದುರಾಗಿರುವ ಪ್ರಶ್ನೆ ವೊರಿಲೊಂಗನದ್ದಲ್ಲ. ಅವನು ಕೇಳಿದ್ದು ಪಾಪ ಮಾಡಬಲ್ಲವರ ಕುರಿತು. ಹಿಮದಡಿಯ ಕತ್ತಲಲ್ಲಿ ಏನಾದರೂ ಜೀವಿಸಿದ್ದರೆ ಅದು ಬಹುಶಃ ಸೂಕ್ಷ್ಮಾಣು. ಅದಕ್ಕೆ ಆದಾಮನೂ ಇಲ್ಲ, ಪತನವೂ ಇಲ್ಲ. ಆದುದರಿಂದ ಅಂಥ ಜೀವಿಯು ದೊರೆತರೆ ಮನುಷ್ಯಾವತಾರದ ಬೋಧನೆ ಕುಸಿಯುವುದೆಂಬ ಭಯವು ನೆಲೆಯಿಲ್ಲದ್ದು. ಪರೀಕ್ಷೆಗೆ ಒಳಗಾಗುವುದು ನಮ್ಮ ಸೃಷ್ಟಿಬೋಧನೆ. ಮನುಷ್ಯನೇ ಇಲ್ಲದ ಅರಣ್ಯದ ಮೇಲೆ ಮಳೆ ಸುರಿಸುವ ದೇವರನ್ನು ಯೋಬನ ಗ್ರಂಥದ 38ನೆಯ ಅಧ್ಯಾಯವು ನಮ್ಮ ಮುಂದಿಡುತ್ತದೆ. ಭೀಮಾ ತೀರದ ಒಣಭೂಮಿಯ ರೈತಸಭೆಗಳಲ್ಲಿ ಆ ಭಾಗವನ್ನು ಓದುವ ಸಭಾಪಾಲಕನಿಗೆ ಅದರ ಕಟುತ್ವ ಗೊತ್ತಿರುತ್ತದೆ: ಬಿತ್ತಿದವನ ಹೊಲಕ್ಕೆ ಬಾರದ ಮಳೆ ಯಾರೂ ಇಲ್ಲದಲ್ಲಿ ಬೀಳುವುದೇಕೆ? ಯೋಬನಿಗೆ ಅಲ್ಲಿ ಉತ್ತರವಾಗಿ ಸಿಗುವುದು ತನಗಾಗಿ ಇಲ್ಲದ ಸೃಷ್ಟಿಯ ದರ್ಶನವೇ ಹೊರತು ಸಮಾಧಾನವಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಕ್ರಿಸ್ತನಿಂದ ಸಂಧಾನವಾಗುವ ಸಮಸ್ತವೂ ಯಾವುದನ್ನೆಲ್ಲ ಒಳಗೊಳ್ಳುತ್ತದೆ ಎಂಬುದನ್ನು ನಾವು ಮನುಷ್ಯಾತ್ಮಗಳ ಲೆಕ್ಕಕ್ಕೆ ಇಳಿಸಿಕೊಂಡು ಬೋಧಿಸುತ್ತ ಬಂದಿದ್ದೇವೆ. ಆ ಅಭ್ಯಾಸವನ್ನು ಹಿಮದ ಲೋಕಗಳು ಸಿಕ್ಕರೂ ಸಿಗದಿದ್ದರೂ ಮರುಪರಿಶೀಲಿಸಬೇಕಾಗಿದೆ.

2023ರ ಏಪ್ರಿಲಿನಲ್ಲಿ ಹೊರಟ ಯುರೋಪಿನ ಜ್ಯೂಸ್ ನೌಕೆ 2031ರಲ್ಲಿ ಗುರುಗ್ರಹವನ್ನು ಮುಟ್ಟಿ, ಆಮೇಲೆ ಗ್ಯಾನಿಮೀಡನ್ನು ಸುತ್ತಬೇಕಾಗಿದೆ. 2024ರ ಅಕ್ಟೋಬರಿನಲ್ಲಿ ಹೊರಟ ಅಮೆರಿಕದ ಯುರೋಪಾ ಕ್ಲಿಪ್ಪರ್ 2030ರಲ್ಲಿ ತಲುಪಬೇಕು. ಎರಡೂ ಜೀವಿಗಳನ್ನು ಹಿಡಿದು ತೋರಿಸಲು ಹೋಗುತ್ತಿಲ್ಲ; ಅಲ್ಲಿ ಜೀವಕ್ಕೆ ಬೇಕಾದ ನೀರು, ಶಕ್ತಿ, ರಾಸಾಯನಿಕಗಳು ಒಂದೆಡೆ ಕೂಡಿವೆಯೇ ಎಂದಷ್ಟೇ ಅವು ವಿಚಾರಿಸಲಿವೆ.