ಇದ್ದಿಲು ಬಸ್ಸಿನ ಹೊಗೆಯಿಂದ ನಮ್ಮ ಕಾರಿನ ಸಿಹಿ ವಾಸನೆವರೆಗೆ

ಮೊನ್ನೆ ಪಕ್ಕದ ಮನೆ ಅಕ್ಕ ಕೇಳಿದ್ರು, "ಕಾರಲ್ಲಿ ಎಂತದೋ ವಾಸನೆ ಬರ್ತದೆ ಮಾರಾಯ್ತಿ. ಇವರತ್ರ ಹೇಳಿದ್ರೆ ನಿನ್ನ ಮೂಗೇ ಸರಿ ಇಲ್ಲ ಅಂತಾರೆ." ನಂಗೆ ಕೂಡಲೇ ನಮ್ಮ ಅಜ್ಜಿಯ ನೆನಪಾಯ್ತು. ಅವರಿಗೆ ಕಾರಿನ ಹೆಸರು ಒಂದೂ ಗೊತ್ತಿರ್ಲಿಲ್ಲ, ವಾಸನೆ ಮಾತ್ರ ಗೊತ್ತಿತ್ತು.

ಅಜ್ಜಿ ಸಣ್ಣದಿರುವಾಗ ಸುರತ್ಕಲ್ಲಿಂದ ಮಂಗಳೂರಿಗೆ ಹೋದದ್ದು ಇದ್ದಿಲಿನ ಬಸ್ಸಲ್ಲಿ. ನಮ್ಮ ಜಿಲ್ಲೆಗೆ ಬಸ್ಸು ಬೇಗವೇ ಬಂದಿತ್ತು. ಎಲ್ಲರೂ ಸಿಪಿಸಿ ಅಂತ ಹೇಳುವ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ 1914ರಲ್ಲೇ ಶುರುವಾಗಿತ್ತು. ಆದರೆ ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರ್ತಿದ್ದ ಎಣ್ಣೆಯೂ ನಿಂತಿತು. ಆಗ ಬಸ್ಸಿನ ಹಿಂದೆ ಹಂಡೆಯ ಹಾಗಿನ ದೊಡ್ಡ ಡ್ರಮ್ಮು ಕಟ್ಟಿ, ಅದಕ್ಕೆ ಇದ್ದಿಲು ತುಂಬಿ, ಚಕ್ರ ತಿರುಗಿಸಿ ಗಾಳಿ ಹಾಕಿ ಬೆಂಕಿ ಮಾಡುದು. ಗಾಳಿ ಸಾಲದೆ ಇದ್ದಿಲು ಅರ್ಧಂಬರ್ಧ ಉರಿದಾಗ ಬರುವ ಗ್ಯಾಸಿನಲ್ಲಿ ಇಂಜಿನು ಓಡುದು. ಶಕ್ತಿ ಕಮ್ಮಿ, ಏರು ಬಂದ್ರೆ ಜನ ಇಳಿದು ದೂಡ್ಬೇಕು. "ಊರಿಗೆ ಮುಟ್ಟುವಾಗ ಸೀರೆಯೆಲ್ಲ ಬಚ್ಚಲು ಒಲೆಯ ವಾಸನೆ" ಅಂತ ಅಜ್ಜಿ ನಗ್ತಿದ್ರು.

ಆಮೇಲೆ ಅಪ್ಪನ ಅಂಬಾಸಿಡರ್ ಕಾಲ. ಅದರೊಳಗೆ ಕೂತ್ರೆ ಯಾವಾಗಲೂ ಸ್ವಲ್ಪ ಪೆಟ್ರೋಲ್ ವಾಸನೆ. ಕಾರ್ಬುರೇಟರ್ ಇದ್ದ ಗಾಡಿಯಲ್ಲಿ ಅದು ಮಾಮೂಲು, ಯಾರೂ ಹೆದರುದಿಲ್ಲ. ರೇಡಿಯೇಟರಿಗೆ ಬರೀ ನೀರು. ಘಾಟಿಯಲ್ಲಿ ಕುದಿ ಬಂದ್ರೆ ಬಾನೆಟ್ ಎತ್ತಿ, ತಣಿಸಿ, ತೋಡಿನ ನೀರು ಹೊಯ್ದು ಮುಂದೆ ಹೋಗುದು. ಒಮ್ಮೆ ಅಪ್ಪ ಅವಸರದಲ್ಲಿ ಬಿಸಿ ಇರುವಾಗಲೇ ಮುಚ್ಚಳ ತೆಗೆದು ಕೈ ಸುಟ್ಟುಕೊಂಡಿದ್ರು.

2000ದ ಸುಮಾರಿಗೆ ಎಲ್ಲ ಬದಲಾಯ್ತು. ಆ ವರ್ಷ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ನೀರಿನ ಬದಲು ಬಣ್ಣದ ಕೂಲಂಟ್ ಬಂತು. ಗಾಡಿ ಬದಲಾಯ್ತು, ನಮ್ಮ ಗಂಡಸರ ಮಾತು ಮಾತ್ರ ಅಂಬಾಸಿಡರ್ ಕಾಲದಲ್ಲೇ ಉಳಿಯಿತು: "ವಾಸನೆ ಅಲ್ವಾ, ಅದು ಬರ್ತದೆ, ಎಂತ ಆಗುದಿಲ್ಲ."

ಅದನ್ನು ನಂಬಿದ್ರೆ ಎಂತ ಆಗ್ತಿತ್ತು ಅಂತ ಹೇಳ್ತೇನೆ. ಹೋದ ವರ್ಷ ಮಳೆಗಾಲದಲ್ಲಿ ಮಗಳು, ಪುಟ್ಟ ಮೊಮ್ಮಗು ಎಲ್ಲ ಸೇರಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಹೊರಟದ್ದು. ಉಪ್ಪಿನಂಗಡಿ ದಾಟುವಾಗ ಎ.ಸಿ.ಯಿಂದ ಬೆಲ್ಲದ ಪಾಕದ ಹಾಗೆ ಸಿಹಿ ವಾಸನೆ. "ಮಗುವಿನ ಚಾಕಲೇಟ್" ಅಂದ್ರು ಇವರು. ಚಾಕಲೇಟ್ ಯಾರತ್ರವೂ ಇರ್ಲಿಲ್ಲ. ನೆಲ್ಯಾಡಿಯಲ್ಲಿ ಹಠ ಮಾಡಿ ನಿಲ್ಲಿಸಿದೆ. ಮುಕ್ಕಾಲು ಗಂಟೆ ತಣಿಯಲು ಬಿಟ್ಟು ನೋಡಿದ್ರೆ ಕೂಲಂಟ್ ಡಬ್ಬದಲ್ಲಿ ಕೆಳಗಿನ ಗೆರೆಗಿಂತಲೂ ಕಮ್ಮಿ, ರಬ್ಬರ್ ಪೈಪಿನ ಬುಡದಲ್ಲಿ ಹಸಿರು ಕಲೆ. ಪೈಪಿನ ಕ್ಲಿಪ್ಪು ಸಡಿಲ! ಅಲ್ಲಿಯ ಮೆಕ್ಯಾನಿಕ್ ಕ್ಲಿಪ್ಪು ಬದಲಿಸಿ ಕೂಲಂಟ್ ತುಂಬಿಸಿದ. "ಘಾಟಿ ಮಧ್ಯಕ್ಕೆ ಹೋಗಿದ್ರೆ ಇಂಜಿನ್ನೇ ಹಿಡಿದುಕೊಳ್ತಿತ್ತು ಅಮ್ಮ" ಅಂದ. ಆ ಮಳೆಯಲ್ಲಿ, ಆ ತಿರುವಿನಲ್ಲಿ, ಪುಟ್ಟ ಮಗು ಇಟ್ಟುಕೊಂಡು!

ಅಡುಗೆಮನೆಯಲ್ಲಿ ಅನ್ನ ಅಡಿ ಹಿಡಿದದ್ದು ನಮಗೆ ಚಾವಡಿಯಲ್ಲಿ ಕೂತೇ ಗೊತ್ತಾಗ್ತದೆ. ಕಾರಿಗೂ ಅದೇ ಮೂಗು ಸಾಕು. ಮೊದಲು ಮೀನಿನ ಲಾರಿ, ಟ್ಯಾಂಕರ್ ದಾಟಿದ ಮೇಲೂ ವಾಸನೆ ಉಂಟಾ ನೋಡಿ. ಇದ್ರೆ ಅದು ನಮ್ಮ ಗಾಡಿಯದ್ದೇ.

ಸಿಹಿ ಬಂದ್ರೆ ಕೂಲಂಟ್. ಕಾವಲಿಯಲ್ಲಿ ಎಣ್ಣೆ ಹೊಗೆಯಾದ ಹಾಗೆ ಬಂದ್ರೆ ಇಂಜಿನ್ ಆಯಿಲ್ ಬಿಸಿ ಸೈಲೆನ್ಸರ್ ಪೈಪಿಗೆ ಬೀಳ್ತಾ ಉಂಟು, ಹೆಚ್ಚಾಗಿ ಮೇಲಿನ ಮುಚ್ಚಳದ ಪ್ಯಾಕಿಂಗ್ ಹೋಗಿರ್ತದೆ. ಏರಿನಲ್ಲಿ ಸುಟ್ಟ ಕಾಗದದ ವಾಸನೆ ಬಂದ್ರೆ ಕ್ಲಚ್, ಕಾಲು ಅದರ ಮೇಲೇ ಇಡಬಾರ್ದು. ಕೊಳೆತ ಮೊಟ್ಟೆ ವಾಸನೆ ಅಪ್ಪನ ಕಾರಲ್ಲಿ ಇರ್ಲಿಲ್ಲ, ಅದು ಕನ್ವರ್ಟರ್ ಬಂದ ಮೇಲಿನದ್ದು. ಇಂಜಿನು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿದ್ರೆ ಅದರೊಳಗಿನ ಗಂಧಕ ಹಾಗೆ ನಾರ್ತದೆ. 2020ರ ಏಪ್ರಿಲಿಂದ ಬರುವ ಬಿಎಸ್-6 ಪೆಟ್ರೋಲಲ್ಲಿ ಗಂಧಕ ತೀರಾ ಕಮ್ಮಿ, ಹಾಗಾಗಿ ಈಗ ಆ ವಾಸನೆ ಬಂದ್ರೆ ತೋರಿಸಲೇಬೇಕು. ಬೂಸ್ರು ವಾಸನೆ ಎ.ಸಿ. ಫಿಲ್ಟರಿನದ್ದು, ಬದಲಿಸಿದ್ರೆ ಆಯ್ತು.

ಎರಡಕ್ಕೆ ಮಾತ್ರ ಒಂದು ನಿಮಿಷವೂ ಕಾಯಬೇಡಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದ್ರೆ ವಯರು ಸುಡ್ತಾ ಉಂಟು. ಮಳೆಗಾಲದಲ್ಲಿ ಇಲಿ ಬೆಚ್ಚಗೆ ಕೂತು ವಯರು ಕಚ್ಚುದು ನಮ್ಮ ಕಡೆ ಹೊಸತಲ್ಲ. ಇನ್ನೊಂದು ಪೆಟ್ರೋಲ್. ಈಗಿನ ಗಾಡಿಯಲ್ಲಿ ಅದು ಮಾಮೂಲು ಅಲ್ಲವೇ ಅಲ್ಲ. ಟ್ಯಾಂಕಿನ ಮುಚ್ಚಳ ಸರಿ ಹಾಕಿದ್ದರೂ ಬರ್ತಾ ಉಂಟು ಅಂದ್ರೆ ಎಲ್ಲೋ ಸೋರ್ತದೆ. ಗಾಡಿ ಬಂದ್ ಮಾಡಿ, ಎಲ್ಲರನ್ನೂ ಇಳಿಸಿ, ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ.

ಮೂಗಿಗೂ ಸಿಗದ್ದು ಒಂದುಂಟು. ಇದ್ದಿಲು ಬಸ್ಸನ್ನು ಓಡಿಸ್ತಿದ್ದದ್ದು ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆಯೇ ಇಲ್ಲ, ಆದರೆ ಜೀವ ತೆಗೀತದೆ. ಅಜ್ಜಿಯ ಸೀರೆಗೆ ಹಿಡಿದದ್ದು ಬರೀ ಹೊಗೆ. ಅದೇ ಗ್ಯಾಸು ಈಗಿನ ಕಾರಿನ ಹೊಗೆಯಲ್ಲೂ ಉಂಟು. ಹಾಗಾಗಿ ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಿ ಇಡಬೇಡಿ. ಕಾರೊಳಗೆ ಹೊಗೆ ವಾಸನೆ ಬಂದ್ರೆ ಗಾಜು ಇಳಿಸಿ, ನಿಲ್ಲಿಸಿ, ಇಳಿಯಿರಿ.

ಪಕ್ಕದ ಮನೆ ಅಕ್ಕನತ್ರ ಇಷ್ಟೇ ಹೇಳಿದೆ: ವಾಸನೆ ಯಾವಾಗ ಬರ್ತದೆ, ಏರಿನಲ್ಲಾ, ಎ.ಸಿ. ಹಾಕಿದಾಗಲಾ, ಒಂದು ಚೀಟಿಯಲ್ಲಿ ಬರೆದಿಡಿ, ಗ್ಯಾರೇಜಿಗೆ ನೀವೇ ಹೋಗಿ ಹೇಳಿ. ನಿನ್ನೆ ಹೋಗಿ ಬಂದ್ರು. ಆಯಿಲ್ ಪ್ಯಾಕಿಂಗ್ ಹೋಗಿತ್ತಂತೆ. ಅವರ ಮೂಗು ಸರಿ ಉಂಟು.